ಇನ್ನೂರ ಎಪ್ಪತ್ತೈದು

ಜನವರಿ 9

ಅಪ್ಪನಿಗೆ,

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಿದೆ. ಐದು ಪತ್ರಿಕೆಗಳಲ್ಲಿ ಕ್ರಮವಾಗಿ 44, 51, 28, 31, 38. ಒಟ್ಟು ಐನೂರಕ್ಕೆ 192. ಪಾಸಾಗಲು ಒಂದೊಂದರಲ್ಲೂ 35 ಬೇಕು, ಹಾಗಾಗಿ ಎರಡರಲ್ಲಿ ಫೇಲು. ಗಣಿತ ಅದರಲ್ಲೊಂದು.

ಆ ಎರಡನ್ನು ಏಪ್ರಿಲ್‌ನಲ್ಲಿ ಮತ್ತೆ ಬರೆಯಲು ಬಿಡುತ್ತಾರೆ. ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ವಿಭಾಗದ ಕಚೇರಿಯವರು ಕೈಗೆ ಕೊಟ್ಟ ಕಾಗದದಲ್ಲಿ. ಎರಡನೇ ಸೆಮಿಸ್ಟರಿನಲ್ಲಿ ಐದೂ ಸೇರಿ 275 ಬರಬೇಕು. ಒಂದು ಕಡಿಮೆಯಾದರೂ ಭೌತಶಾಸ್ತ್ರ ವಿಭಾಗದಲ್ಲಿ ನನ್ನ ಜಾಗ ಹೋಗುತ್ತದೆ. ಗುಮಾಸ್ತರು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ‘ಇದೊಂದನ್ನ ಓದ್ಕೊಳಮ್ಮ, ಮಿಕ್ಕಿದ್ದು ಎಲ್ಲರಿಗೂ ಬರೆಯೋದೇ’ ಎಂದರು.

ಓದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದ್ದೆ. ಏನಾಯಿತೆಂದು ನನಗೆ ತಿಳಿಯುತ್ತಿಲ್ಲ.

ಭಾನುವಾರ ಫೋನಿನಲ್ಲಿ ಅಮ್ಮನಿಗೆ ‘ಪರವಾಗಿಲ್ಲ’ ಎಂದಷ್ಟೇ ಹೇಳಿದೆ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ಅಮ್ಮ ತನಗೆ ಬೇಕಾದ ಹಾಗೆ ತುಂಬಿ ಹೇಳುತ್ತಾಳೆ. ಅದಕ್ಕೇ ಇದನ್ನು ಬರೆದು ತಿಳಿಸುತ್ತಿದ್ದೇನೆ.

ಮಗಳು


ಜನವರಿ 17

ಮಗಳೇ,

ಪತ್ರ ಸೋಮವಾರ ತಲುಪಿತು. ಎರಡು ದಿನ ಅಮ್ಮನಿಗೆ ತೋರಿಸಲಿಲ್ಲ. ಮೂರನೇ ದಿನ ಅವಳೇ ಕೋಟಿನ ಜೇಬಿನಿಂದ ತೆಗೆದು ಓದಿದಳು. ಬೈಯಲಿಲ್ಲ. ‘ಅವಳು ಪರವಾಗಿಲ್ಲ ಅಂದಾಗಲೇ ಪರವಾ ಇದೆ ಅಂತ ಗೊತ್ತಾಯ್ತು’ ಎಂದಳು. ಆಮೇಲೆ ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅರ್ಧ ಗಂಟೆ ನನಗೆ ಬೈದಳು.

ಏನಾಯಿತೆಂದು ತಿಳಿಯುತ್ತಿಲ್ಲ ಎಂದು ಬರೆದಿದ್ದೀಯ. ನಮ್ಮ ತೂಕ-ಅಳತೆ ಇಲಾಖೆಯಲ್ಲಿ ಯಾವುದಾದರೂ ತಕ್ಕಡಿಯ ಮೇಲೆ ದೂರು ಬಂದರೆ, ಅಂಗಡಿಯವನನ್ನೂ ಕೇಳುವುದಿಲ್ಲ, ಗಿರಾಕಿಯನ್ನೂ ಕೇಳುವುದಿಲ್ಲ. ತಕ್ಕಡಿಯನ್ನೇ ತರಿಸಿ ಮೇಜಿನ ಮೇಲೆ ಇಡುತ್ತೇವೆ. ಫೇಲಾದ ಎರಡು ಪತ್ರಿಕೆಗಳಲ್ಲಿ ನೀನು ಬರೆದ ಉತ್ತರಗಳ ಪ್ರತಿ ಸಿಗುತ್ತದೆಯೇ ವಿಚಾರಿಸು. ಸಿಕ್ಕಿದರೆ ಕಳಿಸು. ವಿಷಯ ನನಗೆ ಅರ್ಥವಾಗುವುದಿಲ್ಲ ಎಂಬುದು ನನಗೆ ಗೊತ್ತಿದೆ.

ಅಪ್ಪ


ಫೆಬ್ರವರಿ 2

ಅಪ್ಪನಿಗೆ,

ಎರಡೂ ಉತ್ತರಪತ್ರಿಕೆಗಳ ಪ್ರತಿ ಇದರೊಂದಿಗೆ ಇಟ್ಟಿದ್ದೇನೆ. ಅರ್ಜಿ ಕೊಟ್ಟರೆ ಯಾರಿಗಾದರೂ ಕೊಡುತ್ತಾರಂತೆ. ಆದರೆ ನಮ್ಮ ತರಗತಿಯಲ್ಲಿ ಅರ್ಜಿ ಹಾಕಿದ್ದು ನಾನೊಬ್ಬಳೇ. ‘ಮರುಎಣಿಕೆಗಾ?’ ಎಂದು ಗುಮಾಸ್ತರು ಕೇಳಿದರು. ಮನೆಗೆ ಕಳಿಸಲು ಎಂದೆ. ಅವರು ತಲೆಯೆತ್ತಿ ನೋಡಿ, ‘ಫೇಲಾಗಿದ್ದನ್ನ ಮನೆಗೆ ಕಳಿಸೋ ಮಕ್ಕಳನ್ನ ಇವತ್ತೇ ನೋಡಿದ್ದು’ ಎಂದರು.

ನಾನು ಅವನ್ನು ತೆರೆದು ನೋಡಿಲ್ಲ.

ಮಗಳು


ಫೆಬ್ರವರಿ 12

ಮಗಳೇ,

ನೋಡಿದೆ. ಒಂದೊಂದು ಪತ್ರಿಕೆಯಲ್ಲೂ ಹತ್ತು ಪ್ರಶ್ನೆ, ಒಂದಕ್ಕೆ ಹತ್ತು ಅಂಕ. ಗಣಿತದಲ್ಲಿ ನೀನು ಉತ್ತರಿಸಿದ್ದು ಮೂರಕ್ಕೆ. ಅವುಗಳಿಗೆ ಬಂದಿರುವುದು 10, 9, 9. ಏಳು ಪ್ರಶ್ನೆಗಳಿಗೆ ಸಂಖ್ಯೆ ಹಾಕಿ, ಕೆಳಗೆ ಜಾಗ ಬಿಟ್ಟಿದ್ದೀಯ. ಇನ್ನೊಂದರಲ್ಲಿ ನಾಲ್ಕು ಬರೆದು 31 ತೆಗೆದಿದ್ದೀಯ, ಆರು ಖಾಲಿ. ಬರೆದದ್ದರಲ್ಲಿ ದೊಡ್ಡ ತಪ್ಪೆಂಬುದೇ ಇಲ್ಲ. ನಾನು ತೂಕ-ಅಳತೆಯವನ ಕಣ್ಣಿನಿಂದ ಹೇಳುವುದಾದರೆ, ತಕ್ಕಡಿ ಸರಿಯಾಗಿದೆ, ತಟ್ಟೆಯಲ್ಲಿ ಏನನ್ನೂ ಇಟ್ಟಿಲ್ಲ.

ಯಾಕೆ ಎಂದು ನಿನ್ನನ್ನು ಕೇಳಬೇಕೆಂದಿದ್ದೆ. ಕೇಳಬೇಕಾಗಿಲ್ಲ ಅನಿಸುತ್ತಿದೆ.

ನಿನಗೆ ಒಂಬತ್ತು ವರ್ಷವಿದ್ದಾಗ ರಜೆಯಲ್ಲಿ ಒಂದು ದಿನ ನನ್ನ ಜೊತೆ ಕೆಲಸಕ್ಕೆ ಬಂದಿದ್ದೆ. ಒಂದು ಉಗ್ರಾಣದಲ್ಲಿ ನಲವತ್ತು ತೂಕದ ಬಟ್ಟುಗಳಿದ್ದವು. ನಾನು ಇಡುತ್ತಿದ್ದೆ, ನೀನು ಮುಳ್ಳು ನೋಡಿ ಅಂಕೆ ಬರೆಯುತ್ತಿದ್ದೆ. ಮೂವತ್ತೊಂದನೆಯದಕ್ಕೆ ನೀನು ಮುಳ್ಳು ನಿಲ್ಲುವ ಮೊದಲೇ ಅಂದಾಜಿನಲ್ಲಿ ಬರೆದುಬಿಟ್ಟೆ. ಅಂದಾಜು ಸರಿಯಾಗಿಯೇ ಇತ್ತು. ಆದರೂ ನಾನು ಆ ಹಾಳೆ ಹರಿದು ನಲವತ್ತನ್ನೂ ಮೊದಲಿಂದ ತೂಗಿದೆ. ಖಾತ್ರಿಯಿಲ್ಲದ್ದನ್ನು ಬರೆಯಬಾರದು ಎಂದೆ. ನೀನು ಅಳಲಿಲ್ಲ. ಅಂಕೆಗಳನ್ನು ತುಂಬ ಚೆನ್ನಾಗಿ ಬರೆದೆ.

ಇದು ನನ್ನ ಊಹೆ ಮಾತ್ರ. ನಿನ್ನ ಅಧ್ಯಾಪಕರಲ್ಲಿ ಯಾರನ್ನಾದರೂ ಕಂಡು ಕೇಳು.

ಅಪ್ಪ


ಮಾರ್ಚ್ 1

ಅಪ್ಪನಿಗೆ,

ಗಣಿತದ ಮೇಡಂ ಅವರನ್ನು ಕಂಡೆ. ಅವರ ಕೋಣೆ ಮೂರನೇ ಮಹಡಿಯ ಕೊನೆಯಲ್ಲಿದೆ. ಬಾಗಿಲಿಗೆ ಮಂಗಳವಾರ, ಶುಕ್ರವಾರ ನಾಲ್ಕರಿಂದ ಐದು ಎಂದು ಚೀಟಿ ಅಂಟಿಸಿದ್ದಾರೆ. ಹೋದ ಸೆಮಿಸ್ಟರಿನಲ್ಲಿ ಯಾರೂ ಬಂದಿರಲಿಲ್ಲವಂತೆ. ಇದ್ದ ಒಂದೇ ಕುರ್ಚಿಯ ಮೇಲಿನ ಪುಸ್ತಕಗಳನ್ನು ಅವರೇ ನೆಲಕ್ಕಿಳಿಸಿ ಜಾಗ ಮಾಡಿಕೊಟ್ಟರು. ನನ್ನ ಉತ್ತರಪತ್ರಿಕೆ ತಿರುಗಿಸುತ್ತ ಹೋಗಿ ಮೊದಲ ಖಾಲಿ ಪುಟದಲ್ಲಿ ನಿಂತರು.

‘ಇದು ಯಾಕೆ ಹೀಗಿದೆ?’

‘ಪೂರ್ತಿ ಗೊತ್ತಿರಲಿಲ್ಲ ಮೇಡಂ.’

‘ಎಷ್ಟು ಗೊತ್ತಿತ್ತು?’

‘ಅರ್ಧ.’

‘ಹಾಗಾದ್ರೆ ಅರ್ಧ ಬರಿ. ಅರ್ಧಕ್ಕೆ ಅರ್ಧ ಅಂಕ ಕೊಡೋಕೇ ನಾನಿಲ್ಲಿ ಕೂತಿರೋದು. ಎಲ್ಲಾ ಗೊತ್ತಿದ್ದಿದ್ರೆ ನೀನು ಕಾಲೇಜಿಗೆ ಯಾಕೆ ಬರ್ತಿದ್ದೆ?’

ಅಲ್ಲಿಯೇ ಒಂದು ಹಳೆಯ ಪ್ರಶ್ನೆಯನ್ನು ಕೊಟ್ಟು ಬರೆಸಿದರು. ಎರಡನೇ ಸಾಲಿನ ನಂತರ ನನ್ನ ಕೈ ನಿಂತಿತು. ಅವರು ಕಿಟಕಿಯ ಕಡೆ ತಿರುಗಿ ಹತ್ತು ನಿಮಿಷ ಕಾದರು. ಕೊನೆಗೆ, ಸರಿಯಿಲ್ಲವೆಂದು ಅನುಮಾನವಿದ್ದ ಒಂದು ಸಾಲನ್ನು ಬರೆದೆ. ಸರಿಯಿರಲಿಲ್ಲ. ಆದರೆ ಆ ಸಾಲು ಬರೆದ ಮೇಲೆ ಯಾಕೆ ಸರಿಯಿಲ್ಲ ಎಂಬುದು ಕಾಣಿಸಿತು.

ಈಗ ಹೀಗೆ ಮಾಡುತ್ತಿದ್ದೇನೆ. ಬೆಳಿಗ್ಗೆ ತರಗತಿಗೆ ಮೊದಲು ಹಳೆಯ ಪತ್ರಿಕೆಯ ಎರಡು ಪ್ರಶ್ನೆ, ತಲಾ ಇಪ್ಪತ್ತು ನಿಮಿಷ, ಪುಸ್ತಕ ಮುಚ್ಚಿ. ನನ್ನ ಕೋಣೆಯಲ್ಲಿ ಇನ್ನೊಬ್ಬಳಿದ್ದಾಳೆ. ಎಂಟಕ್ಕೆ ಮಲಗಿ ನಾಲ್ಕಕ್ಕೆ ಏಳುತ್ತಾಳೆ, ಮಾತಿಗೆ ಮೊದಲು ಗಾದೆ ಹೇಳುತ್ತಾಳೆ. ಎಲ್ಲರೂ ಅವಳನ್ನು ಅಜ್ಜಿ ಎಂದೇ ಕರೆಯುವುದು. ಅಜ್ಜಿ ಗಡಿಯಾರ ಹಿಡಿದು ಎದುರಿಗೆ ಕೂರುತ್ತಾಳೆ. ಪೆನ್ನು ಹಾಳೆಯಿಂದ ಮೇಲೆದ್ದರೆ ಸ್ಕೇಲಿನಿಂದ ಮೇಜು ಬಡಿಯುತ್ತಾಳೆ. ‘ಈಜು ಬಂದ ಮೇಲೆ ನೀರಿಗಿಳೀತೀನಿ ಅಂದನಂತೆ’ ಎನ್ನುವುದು ಅವಳ ಮಂತ್ರ. ತಪ್ಪಾದ ಉತ್ತರಗಳಿಗೆ ಬೇರೆಯೇ ಒಂದು ನೋಟುಬುಕ್ಕು ಮಾಡಿದ್ದೇನೆ. ಅದು ಬೇಗ ತುಂಬುತ್ತಿದೆ. ತರಗತಿಯಲ್ಲಿ ಕೊನೆಯ ಸಾಲಿನಿಂದ ಎರಡನೇ ಸಾಲಿಗೆ ಬಂದಿದ್ದೇನೆ.

ಉಗ್ರಾಣದ ದಿನ ನನಗೆ ನೆನಪಿದೆ. ಮೂವತ್ತೊಂದಲ್ಲ, ಮೂವತ್ತೆರಡನೆಯದು.

ಮಗಳು


ಮಾರ್ಚ್ 20

ಮಗಳೇ,

ಮೂವತ್ತೆರಡು ಇರಬಹುದು.

ಇಲ್ಲಿ ಒಂದು ಸಂಗತಿ ನಡೆಯಿತು. ಅಮ್ಮನ ಒತ್ತಾಯಕ್ಕೆ ಕಿವಿ ಪರೀಕ್ಷೆ ಮಾಡಿಸಿಕೊಂಡೆ. ಗಾಜಿನ ಬಾಗಿಲಿನ ಸಣ್ಣ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ ಕಿವಿಗೆ ಯಂತ್ರ ಹಾಕುತ್ತಾರೆ. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಒತ್ತಿದೆ. ಅದರ ಪ್ರಕಾರ ಶ್ರವಣಯಂತ್ರ ಹೊಂದಿಸಿ ಕೊಟ್ಟರು. ಹಾಕಿಕೊಂಡು ಹೊರಗೆ ಬಂದರೆ ರಸ್ತೆಯೆಲ್ಲ ತಲೆಯ ಮೇಲೆ ಬಿದ್ದ ಹಾಗಾಯಿತು. ಚಮಚ ಕೆಳಗೆ ಬಿದ್ದರೆ ಕುರ್ಚಿಯಿಂದ ಏಳುತ್ತಿದ್ದೆ. ಒಂದು ವಾರ ಸಹಿಸಿಕೊಂಡು ವಾಪಸ್ ಹೋದೆ.

ಪರೀಕ್ಷೆ ಮಾಡಿದ ಹುಡುಗಿ ಕೇಳಿದಳು, ‘ಯಾವಾಗ ಒತ್ತಿದ್ರಿ ಸಾರ್?’ ಕೇಳಿಸಿದ್ದು ಖಚಿತವಾದಾಗ ಎಂದೆ. ‘ಕೇಳಿಸಿದ ಹಾಗೆ ಅನ್ನಿಸಿದಾಗ?’ ಆಗ ಒತ್ತಲಿಲ್ಲ ಎಂದೆ. ಅವಳು ನಕ್ಕು, ‘ಅದಕ್ಕೇ ಯಂತ್ರ ನಿಮ್ಮನ್ನ ಇರೋದಕ್ಕಿಂತ ಹೆಚ್ಚು ಕಿವುಡ ಅಂದ್ಕೊಂಡಿದೆ. ಅನ್ನಿಸಿದ್ರೂ ಒತ್ತಿ’ ಎಂದಳು. ಮತ್ತೆ ಮಾಡಿದರು. ಅನಿಸಿದಾಗಲೆಲ್ಲ ಒತ್ತಿದೆ. ಕೆಲವು ಸಲ ಸದ್ದೇ ಇರಲಿಲ್ಲವಂತೆ. ಪರವಾಗಿಲ್ಲ ಎಂದಳು.

ಇದನ್ನು ಅಮ್ಮನಿಗೆ ಹೇಳಬಾರದಿತ್ತು. ‘ಇಪ್ಪತ್ತೈದು ವರ್ಷದಿಂದ ಕೂಗ್ತಾ ಇದ್ದೀನಿ. ಕೇಳಿಸಿಲ್ಲ ಅಂತಲ್ಲ, ಖಾತ್ರಿಯಾಗಿಲ್ಲ ಅಂತ ಸುಮ್ಮನಿದ್ರು ಅಂತ ಈಗ ಗೊತ್ತಾಯ್ತು’ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿದ್ದಾಳೆ. ನಿನಗೂ ಬರೆಯಬೇಕಂತೆ, ಬರೆದಿದ್ದೇನೆ. ‘ಅಪ್ಪನದೇ ಅಚ್ಚು’ ಎಂದೂ ಸೇರಿಸಲು ಹೇಳಿದಳು.

ಅಪ್ಪ


ಏಪ್ರಿಲ್ 26

ಅಪ್ಪನಿಗೆ,

ಫೇಲಾಗಿದ್ದ ಎರಡನ್ನು ಮತ್ತೆ ಬರೆದೆ. ಫಲಿತಾಂಶ ಇಂದು ಬಂತು. 46, 40. ಎರಡೂ ಪಾಸು.

ಈ ಸೆಮಿಸ್ಟರಿನ ಗಣಿತದ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ 29. ಯಾವ ಪ್ರಶ್ನೆಯನ್ನೂ ಬಿಡಲಿಲ್ಲ. ಒಂದು ಉತ್ತರ ಎಷ್ಟು ತಪ್ಪಾಗಿತ್ತೆಂದರೆ ಮೇಡಂ ಅದನ್ನು ಹೆಸರು ಹೇಳದೆ ಕಪ್ಪುಹಲಗೆಯ ಮೇಲೆ ಬರೆದು, ಎಲ್ಲಿ ದಾರಿ ತಪ್ಪಿದೆ ಎಂದು ತರಗತಿಯನ್ನು ಕೇಳಿದರು. ಅರ್ಧ ಗಂಟೆ ಅದರಲ್ಲೇ ಹೋಯಿತು. ಹಿಂದಿನ ಸಾಲಿನವನೊಬ್ಬ ‘ಯಾವ ಮಹಾನುಭಾವರು ಬರೆದಿದ್ದು?’ ಎಂದ. ನಾನು ಕೈ ಎತ್ತಿದೆ. ಮೊದಲೇ ಗೊತ್ತಿದ್ದರೆ ಅವನು ಕೇಳುತ್ತಿರಲಿಲ್ಲ. ಈಗ ಅವನೂ ಶುಕ್ರವಾರ ನಾಲ್ಕಕ್ಕೆ ಮೇಡಂ ಕೋಣೆಗೆ ಬರುತ್ತಾನೆ. ಒಂದೇ ಕುರ್ಚಿ ಇರುವುದರಿಂದ ಇಬ್ಬರೂ ನಿಂತಿರುತ್ತೇವೆ.

ಎಲ್ಲ ಪತ್ರಿಕೆಗಳನ್ನೂ ಲೆಕ್ಕ ಹಾಕಿದರೆ 275 ಆಗಬಹುದು, ಆಗದೆಯೂ ಇರಬಹುದು. ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಮನೆಗೆ ಬರುವ ಬದಲು ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ಅಮ್ಮನಿಗೆ ಊಟ ಸರಿಯಾಗಿದೆಯೆಂದು ಹೇಳಿ. ಇದು ನಿಜ.

ಮಗಳು


ಜೂನ್ 3

ಅಪ್ಪನಿಗೆ,

ಫಲಿತಾಂಶ ಬಂತು. ಗಣಿತ 57, ಉಳಿದವು 61, 52, 49, 58. ಒಟ್ಟು 277.

ಅಜ್ಜಿ ಸ್ಕೇಲು ತೆಗೆದುಕೊಂಡು ಮೇಜು ಮುರಿಯುವಷ್ಟು ಬಡಿದಳು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಫೋನನ್ನು ನಿಮಗೆ ಕೊಟ್ಟಳು. ನೀವು ‘ಸರಿ’ ಎಂದಿರಿ. ಅದು ನಿನ್ನೆ.

ಇಂದು ಬೆಳಿಗ್ಗೆ ಐದೂ ಉತ್ತರಪತ್ರಿಕೆಗಳ ಪ್ರತಿ ಸಿಕ್ಕಿತು. ಅರ್ಜಿ ಹಾಕುವುದು ಈಗ ಅಭ್ಯಾಸವಾಗಿದೆ. ಎಲ್ಲಿ ಅಂಕ ಹೋಗಿದೆ ಎಂದು ನೋಡಲು ಗಣಿತದ್ದನ್ನು ಮೊದಲು ತೆಗೆದೆ. ಮೊದಲ ಪುಟದ ಚೌಕಗಳಲ್ಲಿ ಹೀಗಿದೆ: 6, 4, 7, 5, 3, 6, 8, 4, 5, 5. ಕೆಳಗೆ ಒಟ್ಟು 57 ಎಂದು ಮೇಡಂ ಕೈಬರಹದಲ್ಲಿದೆ. ಕೂಡಿಸಿದರೆ 53 ಬರುತ್ತದೆ. ನಾಲ್ಕು ಸಲ ಕೂಡಿಸಿದೆ. ಅಜ್ಜಿಗೂ ಕೂಡಿಸಲು ಕೊಟ್ಟೆ, ಯಾಕೆಂದು ಹೇಳಲಿಲ್ಲ. ಉಳಿದ ನಾಲ್ಕರಲ್ಲಿ ಒಟ್ಟು ಸರಿಯಾಗಿದೆ.

ಅಂದರೆ ನನ್ನದು 273.

ಯಾರಿಗೂ ತಿಳಿದಿಲ್ಲ. ನಾನು ಅರ್ಜಿ ಹಾಕದಿದ್ದರೆ ನನಗೂ ತಿಳಿಯುತ್ತಿರಲಿಲ್ಲ. ಮೇಡಂ ಊರಿನಲ್ಲಿಲ್ಲ, ಎಂಟನೇ ತಾರೀಖು ಬರುತ್ತಾರೆ. ಏನು ಮಾಡಲಿ ಎಂದು ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ಮಗಳು


ಜೂನ್ 7

ಮಗಳೇ,

ನಿನ್ನ ಪತ್ರ ಈಗ ಬಂತು. ಅಮ್ಮನ ಎದುರು ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಬೇರೆ ಕಾಗದ ಇರಲಿಲ್ಲ, ಇದು ತಪಾಸಣೆಯ ನಮೂನೆ, ಹಿಂಬದಿ.

ಸುಮ್ಮನಿರು. ಹೋಗಬೇಡ. ಕೂಡಿಸಿದ್ದು ಅವರು, ನೀನಲ್ಲ. ನೀನು ಯಾರದ್ದನ್ನೂ ತೆಗೆದುಕೊಂಡಿಲ್ಲ. ಯಾವ ತಕ್ಕಡಿಯೂ ಕೂದಲೆಳೆ ತಪ್ಪದೆ ತೂಗುವುದಿಲ್ಲ, ಇಷ್ಟರವರೆಗೆ ವ್ಯತ್ಯಾಸ ಇರಬಹುದು ಎಂದು ಕಾನೂನೇ ಒಂದು ಮಿತಿ ಇಟ್ಟಿದೆ. ಐನೂರಕ್ಕೆ ನಾಲ್ಕು ಆ ಮಿತಿಯೊಳಗೇ ಬರುತ್ತದೆ. ಮೂರು ತಿಂಗಳು ಬೆಳಿಗ್ಗೆ ಎದ್ದು ಬರೆದವಳು ನೀನು. ಅದನ್ನು ಯಾರೂ ಎಲ್ಲೂ ಕೂಡಿಸಿಲ್ಲ. ಅದಕ್ಕೆ ಈ ನಾಲ್ಕು ಎಂದುಕೋ.

ಆ ಕಾಗದಗಳನ್ನು ಹರಿದುಹಾಕು. ಎಂಟನೇ ತಾರೀಖಿನೊಳಗೆ ಇದು ತಲುಪಿದರೆ ಸಾಕು.

ಅಪ್ಪ


ಜೂನ್ 8

ಅಪ್ಪನಿಗೆ,

ಇಂದು ಹತ್ತೂವರೆಗೆ ಮೇಡಂ ಕೋಣೆಗೆ ಹೋದೆ. ಪ್ರಯಾಣದ ಚೀಲ ಇನ್ನೂ ಬಾಗಿಲ ಬಳಿಯೇ ಇತ್ತು. ಮೊದಲ ಪುಟವನ್ನು ಅವರ ಮುಂದೆ ಇಟ್ಟು, ಒಟ್ಟು ಮತ್ತೊಮ್ಮೆ ನೋಡಬೇಕು ಎಂದೆ. ಕಡಿಮೆ ಬಂದಿದೆಯೇ ಎಂದು ಕೇಳಿದರು. ಹೆಚ್ಚು ಬಂದಿದೆ ಎಂದೆ. ಅವರು ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

‘ನಿನ್ನ ಒಟ್ಟು ಎಷ್ಟಾಗುತ್ತೆ?’

‘ಇನ್ನೂರ ಎಪ್ಪತ್ಮೂರು.’

‘ಕನ್ನಡಕ ಇನ್ನೂ ಚೀಲದಲ್ಲಿದೆ. ನಾನು ಇದನ್ನ ಓದಿಲ್ಲ. ಎತ್ಕೊಂಡು ಹೋಗ್ತೀಯಾ?’

ನಾನು ಹೋಗಲಿಲ್ಲ. ಅವರು ಎದ್ದು ಚೀಲ ತೆಗೆದರು. ಕನ್ನಡಕ ಹುಡುಕಲು ಬಹಳ ಹೊತ್ತು ಬೇಕಾಯಿತು. ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು ಮತ್ತೆ ಮಡಚಿಟ್ಟರು. ಆಮೇಲೆ ಕೂತು ಕೂಡಿಸಿದರು. 57 ಹೊಡೆದು 53 ಮಾಡಿ ಪಕ್ಕದಲ್ಲಿ ಸಹಿ ಹಾಕಿದರು. ನಂತರ ಇಡೀ ಉತ್ತರಪತ್ರಿಕೆಯನ್ನು ಸಾಲು ಸಾಲಾಗಿ ಓದಿದರು. ಎಲ್ಲಾದರೂ ಎರಡು ಅಂಕ ಉಳಿದಿದೆಯೇ ಎಂದು ಹುಡುಕುತ್ತಿದ್ದಾರೆಂದು ನನಗೆ ತಿಳಿಯಿತು. ಹನ್ನೆರಡೂ ಕಾಲಿಗೆ ಪೆನ್ನು ಕೆಳಗಿಟ್ಟರು. ಸಿಗಲಿಲ್ಲ.

ಇಪ್ಪತ್ತನೇ ತಾರೀಖು ವಿಭಾಗದ ಸಮಿತಿ ಸೇರುತ್ತದೆ.

ಮಗಳು


ಜೂನ್ 13

ಮಗಳೇ,

ನಿನ್ನ ಎಂಟರ ಪತ್ರ ನಿನ್ನೆ ಬಂತು. ನನ್ನ ಏಳರ ಪತ್ರ ನಿನಗೆ ಇಷ್ಟರೊಳಗೆ ತಲುಪಿರುತ್ತದೆ.

ಐನೂರಕ್ಕೆ ನಾಲ್ಕು ಮಿತಿಯೊಳಗೆ ಬರುವುದಿಲ್ಲ. ಬರೆಯುವಾಗಲೇ ನನಗೆ ಗೊತ್ತಿತ್ತು. ಅದರ ಹಿಂದಿನ ದಿನವೇ ಇಬ್ಬರ ತಕ್ಕಡಿಗಳಿಗೆ ಇದಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ಸರಿಯಿದೆಯೆಂಬ ಮುದ್ರೆ ಕೊಡದೆ ಬಂದಿದ್ದೆ. ಒಬ್ಬಳು ಅಂಗಡಿಯ ಬಾಗಿಲವರೆಗೂ ಹಿಂದೆ ಬಂದು ಕೇಳಿಕೊಂಡಿದ್ದಳು.

ಅಮ್ಮನಿಗೆ ಎರಡೂ ಪತ್ರದ ವಿಷಯ ಹೇಳಿದೆ. ನನ್ನ ಬಗ್ಗೆ, ‘ಅಂತೂ ನೀವೂ ಒಂದು ಸಲ’ ಎಂದು ಅಷ್ಟಕ್ಕೇ ನಿಲ್ಲಿಸಿ ಒಳಗೆ ಹೋದಳು. ಏನು ಹೇಳಬೇಕೆಂದಿದ್ದಳೋ ನಾನು ಕೇಳಲಿಲ್ಲ.

ಆ ಪತ್ರವನ್ನು ವಾಪಸ್ ಕಳಿಸು. ನಮೂನೆಯ ಮೇಲೆ ಇಲಾಖೆಯ ಕ್ರಮಸಂಖ್ಯೆ ಇದೆ, ಅದು ಹೊರಗೆ ಹೋಗುವಂತಿಲ್ಲ. ಅದೊಂದೇ ಕಾರಣವಲ್ಲ. ನಾನು ಬರೆದ ಅಂಥ ಕಾಗದ ನಿನ್ನ ಬಳಿ ಇರುವುದು ನನಗೆ ಸರಿಯೆನಿಸುತ್ತಿಲ್ಲ.

ಅಪ್ಪ


ಜುಲೈ 2

ಅಪ್ಪನಿಗೆ,

ಸಮಿತಿಯಲ್ಲಿ ಮೂವರಿದ್ದರು. ಹತ್ತು ನಿಮಿಷದಲ್ಲಿ ಮುಗಿಯಿತು. ಮೇಡಂ ಸದಸ್ಯರಲ್ಲ. ಆದರೂ ಬಂದು, ತಪ್ಪು ತಮ್ಮದೆಂದು ಎದ್ದು ನಿಂತು ಹೇಳಿದರು. ಒಬ್ಬರಿಗೆ ನನ್ನನ್ನು ಉಳಿಸಿಕೊಳ್ಳಬೇಕೆಂದಿತ್ತು. ಇನ್ನಿಬ್ಬರು, ಹೋದ ವರ್ಷ 274 ಬಂದಿದ್ದವನನ್ನು ಕಳಿಸಿದ್ದೇವೆ, ಅವನಿಗೇನು ಹೇಳುವುದು ಎಂದರು.

ಭೌತಶಾಸ್ತ್ರ ವಿಭಾಗದ ಜಾಗ ಹೋಯಿತು. ಇದೇ ಕಾಲೇಜಿನ ಸಾಮಾನ್ಯ ವಿಜ್ಞಾನದ ತರಗತಿಗೆ ಸೇರಿಸಿಕೊಂಡಿದ್ದಾರೆ. ಅಲ್ಲಿ ಮೂರು ವಿಷಯಗಳಲ್ಲಿ ಭೌತಶಾಸ್ತ್ರವೂ ಒಂದು. ವರ್ಷದ ಕೊನೆಗೆ ಐನೂರಕ್ಕೆ 325 ಬಂದರೆ ವಾಪಸ್ ಬರಲು ಅರ್ಜಿ ಹಾಕಬಹುದಂತೆ. ಹಿಂದೆ ಹಾಗೆ ಬಂದವರು ಯಾರಾದರೂ ಇದ್ದಾರೆಯೇ ಎಂದು ಗುಮಾಸ್ತರನ್ನು ಕೇಳಿದೆ. ಒಬ್ಬರು ಎಂದರು. ಯಾವಾಗ ಎಂದು ಅವರಿಗೆ ನೆನಪಿರಲಿಲ್ಲ.

ಹೊಸ ತರಗತಿ ನೆಲಮಹಡಿಯಲ್ಲಿದೆ, ನೂರಹತ್ತು ಜನ. ಕೋಣೆ ಬದಲಾಗಿಲ್ಲ, ಅಜ್ಜಿ ಇದ್ದಾಳೆ. ಇಪ್ಪತ್ತರಂದು ಸಂಜೆ ಅವಳು ಒಂದು ಗಾದೆಯನ್ನೂ ಹೇಳಲಿಲ್ಲ. ಮಾರನೇ ದಿನ ನಾಲ್ಕಕ್ಕೆ ಎಬ್ಬಿಸಿದಳು. ಶುಕ್ರವಾರ ಮೇಡಂ ಕೋಣೆಗೆ ಹೋಗಬೇಕೋ ಬೇಡವೋ ತಿಳಿಯದೆ ಮೆಟ್ಟಿಲ ಬಳಿ ನಿಂತಿದ್ದೆ. ಅವರೇ ಮೇಲಿಂದ ಕಂಡು, ‘ನಿಮ್ಮ ಕ್ಲಾಸಿಗೂ ಗಣಿತ ಇದೆ ತಾನೇ?’ ಎಂದರು. ಈಗ ಇನ್ನೊಂದು ಕುರ್ಚಿ ತರಿಸಿದ್ದಾರೆ.

ಅಮ್ಮನಿಗೆ ಹದಿನೆಂಟಕ್ಕೆ ಬರುತ್ತೇನೆಂದು ಹೇಳಿ. ನಾಲ್ಕು ದಿನ ಇರುತ್ತೇನೆ.

ನಿಮ್ಮ ಏಳನೇ ತಾರೀಖಿನ ಪತ್ರ ನನಗೆ ಹನ್ನೊಂದಕ್ಕೆ ತಲುಪಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು, ಹಾಗಾಗಿ ಅದರಿಂದ ಏನೂ ಬದಲಾಗಲಿಲ್ಲ. ಎಂಟಕ್ಕೆ ಮೊದಲೇ ತಲುಪಿದ್ದರೆ ಏನು ಮಾಡುತ್ತಿದ್ದೆನೋ ಖಾತ್ರಿಯಾಗಿ ಹೇಳಲಾರೆ. ಅದನ್ನು ಎಷ್ಟು ಸಲ ಓದಿದೆ ಎಂಬುದನ್ನೂ ಹೇಳುವುದಿಲ್ಲ.

ಇಲಾಖೆಯವರು ಕೇಳಿದರೆ ನಮೂನೆ ಕಳೆದುಹೋಯಿತೆಂದು ಬರೆದುಕೊಡಿ. ಪತ್ರವನ್ನು ವಾಪಸ್ ಕಳಿಸುವುದಿಲ್ಲ.

ಮಗಳು